ಬುಕ್ಕಿಗೆ ಏರದ ನೋವು

ಭದ್ರಾವತಿಯಲ್ಲಿ ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯ ಗಂಡಸರನ್ನು ಅವರ ಗಾಯಗಳಿಂದಲೇ ಗುರುತು ಹಿಡಿಯುತ್ತಿದ್ದೆ. ಎದುರುಮನೆ ಮಾಮನ ಎಡಗೈಯಲ್ಲಿ ಎರಡು ಬೆರಳು ಅರ್ಧಕ್ಕೇ ನಿಂತಿದ್ದವು. ಮೂಲೆಮನೆ ತಾತನ ಮೊಣಕೈಯಿಂದ ಮುಂಗೈವರೆಗೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಯಾವ ಗಾಯ ಯಾವ ವರ್ಷ, ಯಾವ ಪಾಳಿಯಲ್ಲಿ ಆದದ್ದು ಎಂಬುದು ಬೀದಿಗೆಲ್ಲ ಗೊತ್ತಿತ್ತು. 1918ರಲ್ಲಿ ಕೆಲಸ ಶುರುವಾಗಿ 1923ರಲ್ಲಿ ಕುಲುಮೆ ಹೊತ್ತಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್, ಅವುಗಳ ಆಸುಪಾಸಿನಲ್ಲಿ ಎದ್ದ ವರ್ಕ್‌ಶಾಪುಗಳು, ಫೌಂಡ್ರಿಗಳು. ಇವುಗಳ ಪಾಳಿಗೆ ಹೊಂದಿಕೊಂಡೇ ಊರು ಏಳುತ್ತಿತ್ತು, ಉಣ್ಣುತ್ತಿತ್ತು, ಮಲಗುತ್ತಿತ್ತು. ಕನ್ನಡದವರ ಪಕ್ಕದಲ್ಲೇ ತಮಿಳು, ತೆಲುಗು, ಉರ್ದು ಮಾತಾಡುವ ಮನೆಗಳು ಬಂದು ನೆಲೆಸಿದ್ದೂ ಈ ದುಡಿಮೆಗಾಗಿಯೇ. ಅಲ್ಲಿ ದುಡಿಮೆ ಎಂದರೆ ಗಂಡಸಿನ ದುಡಿಮೆ. ಗಾಯ ಎಂದರೆ ಕಣ್ಣಿಗೆ ಕಾಣುವ ಗಾಯ.

ಅಪ್ಪ ಒಂದು ಫೌಂಡ್ರಿಯಲ್ಲಿ ಮೋಲ್ಡರ್ ಆಗಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಕರಗಿದ ಲೋಹ ಸಿಡಿದು ಅವರ ಬಲಪಾದ ಸುಟ್ಟಿತು. ಅಮ್ಮ ಅತ್ತದ್ದು, ನೆಂಟರು ಬಂದುಹೋದದ್ದು ಮಸುಕಾಗಿ ನೆನಪಿದೆ. ಸ್ಪಷ್ಟವಾಗಿ ನೆನಪಿರುವುದು ಕಾಗದಪತ್ರಗಳು. ಫೌಂಡ್ರಿಯ ಬುಕ್ಕಿನಲ್ಲಿ ಆಕ್ಸಿಡೆಂಟ್ ಎಂದು ಬರೆದರು. ಅದರ ಮೇಲೆ ಕಾರ್ಮಿಕರ ವಿಮೆಯಾದ ಇಎಸ್‌ಐಗೆ ವರದಿ ಹೋಯಿತು. ಕೆಲಸದಲ್ಲಿ ಆದ ಗಾಯ ಎಂದು ಹಣ ಬಂತು. ಅಪ್ಪ ಮನೆಯಲ್ಲಿ ಕಾಲು ನೀಡಿ ಕೂತ ಅಷ್ಟೂ ದಿನ ಯಾರೂ ಅವರನ್ನು ಅನುಮಾನದಿಂದ ನೋಡಲಿಲ್ಲ. ಪಾದ ತೋರಿಸಿದರೆ ಸಾಕಿತ್ತು.

ನನ್ನ ಬಲಭುಜದ ಮೇಲೆ ಒಂದು ಗೆರೆಯ ಗುರುತೂ ಇಲ್ಲ. ಆದರೂ ಮೇಲಿನ ಅಟ್ಟದಿಂದ ಸಕ್ಕರೆ ಡಬ್ಬಿ ಇಳಿಸಬೇಕಾದರೆ ಇವತ್ತಿಗೂ ಎಡಗೈಯನ್ನೇ ಎತ್ತುತ್ತೇನೆ.

ದ್ವಿತೀಯ ಪಿಯುಸಿ ಆದ ಮೇಲೆ ನಾನು ಗಾರ್ಮೆಂಟ್ಸ್‌ಗೆ ಸೇರಿದೆ. ತಮ್ಮನ ಡಿಪ್ಲೊಮಾ ಫೀಸು ಕಟ್ಟಬೇಕಿತ್ತು. ಅಪ್ಪನಿಗೆ ಮೊದಲಿನಂತೆ ಭಾರ ಎತ್ತಲು ಆಗುತ್ತಿರಲಿಲ್ಲ. ಶಿವಮೊಗ್ಗದ ಅಂಚಿನಲ್ಲಿದ್ದ ಆ ಘಟಕದ ಹೆಸರು ಇಲ್ಲಿ ಬೇಡ. ನಾನು ಹೇಳಹೊರಟಿರುವುದು ಒಂದು ಕಾಂಪೌಂಡಿನೊಳಗೆ ಮಾತ್ರ ನಡೆಯುವ ಸಂಗತಿಯಲ್ಲ. ಬೆಳಗಿನ ಹೊತ್ತು ಬಿ.ಎಚ್. ರಸ್ತೆಯಲ್ಲಿ ನಿಂತರೆ ಹೊಳೆಹೊನ್ನೂರು, ಕೂಡ್ಲಿಗೆರೆ, ಅಂತರಗಂಗೆ ಕಡೆಯಿಂದ ಹೆಂಗಸರನ್ನು ತುಂಬಿಕೊಂಡು ಬರುವ ಬಸ್ಸು, ಟೆಂಪೊಗಳು ಕಾಣುತ್ತಿದ್ದವು. ತಲೆಗೆ ಹೂವು, ತೊಡೆಯ ಮೇಲೆ ಡಬ್ಬಿ ಚೀಲ, ಕಿಟಕಿಗೆ ಒರಗಿದ ಹಣೆ. ಮಾಚೇನಹಳ್ಳಿ ದಾಟಿ ನಿದಿಗೆ ಬರುವಷ್ಟರಲ್ಲಿ ಅರ್ಧ ಬಸ್ಸು ನಿದ್ದೆಯಲ್ಲಿರುತ್ತಿತ್ತು. ನಾಲ್ಕೂವರೆ, ಐದಕ್ಕೆ ಎದ್ದು, ರೊಟ್ಟಿ ತಟ್ಟಿ, ಮಕ್ಕಳ ಡಬ್ಬಿ ಕಟ್ಟಿ ಬಂದವರು ಇನ್ನೇನು ಮಾಡಿಯಾರು!

ಮೊದಲು ಟ್ರೈನಿಂಗ್. ದಾರ ಪೋಣಿಸದ ಮಷಿನ್ನಿನಲ್ಲಿ ಕಾಗದದ ಮೇಲೆ ಗೆರೆ ಹೊಲಿಸುತ್ತಿದ್ದರು. ನೇರ ಗೆರೆ, ಮೂಲೆ ತಿರುವು, ಆಮೇಲೆ ಬಳ್ಳಿಯ ಸುರುಳಿ. ಮನೆಯ ಕಾಲು ಮಷಿನ್ನಿನಲ್ಲಿ ಲಂಗ ಹೊಲಿದು ಗೊತ್ತಿದ್ದ ನನಗೆ ಕರೆಂಟ್ ಮಷಿನ್ನಿನ ವೇಗಕ್ಕೆ ಎದೆ ಹಾರಿತ್ತು. ನಿಮಿಷಕ್ಕೆ ಸಾವಿರಗಟ್ಟಲೆ ಹೊಲಿಗೆ ಹಾಕುವ ಯಂತ್ರ ಅದು, ಪೆಡಲಿಗೆ ಪಾದ ತಾಗಿದರೆ ಸಾಕು ಓಡಿಬಿಡುತ್ತದೆ. ಬೆರಳು ಸೂಜಿಗೆ ಸಿಗದಂತೆ ಹೇಗಿಡಬೇಕು ಎಂದು ಚೆನ್ನಾಗಿ ಹೇಳಿಕೊಟ್ಟರು. ಸ್ಟೂಲನ್ನು ಎಷ್ಟು ಹತ್ತಿರ ಎಳೆದುಕೊಳ್ಳಬೇಕು, ಮೊಣಕೈ ಎಲ್ಲಿರಬೇಕು, ಕತ್ತು ಎಷ್ಟು ಬಗ್ಗಬಹುದು ಎಂದು ಯಾರೂ ಹೇಳಲಿಲ್ಲ. ಸೂಜಿ ಬೆರಳಿಗೆ ಹೊಕ್ಕರೆ ರಕ್ತ ಬರುತ್ತದೆ, ಬುಕ್ಕಿನಲ್ಲಿ ಬರೆಯಬೇಕಾಗುತ್ತದೆ. ಕತ್ತು ಬಗ್ಗಿದರೆ ಅವತ್ತು ಏನೂ ಆಗುವುದಿಲ್ಲ.

ನನ್ನ ಪಾಲಿಗೆ ಬಂದದ್ದು ತೋಳು ಕೂಡಿಸುವ ಕೆಲಸ, ಸ್ಲೀವ್ ಅಟ್ಯಾಚ್. ಲೈನಿನ ತುದಿಯ ಬೋರ್ಡಿನಲ್ಲಿ ಗಂಟೆಗೊಮ್ಮೆ ಸಂಖ್ಯೆ ಬರೆಯುತ್ತಿದ್ದರು. ಟಾರ್ಗೆಟ್ ಗಂಟೆಗೆ 60 ಪೀಸ್ ಇದ್ದ ದಿನದ ಲೆಕ್ಕ ಹಾಕೋಣ. ಪೀಸಿಗೆ ಎರಡು ತೋಳು, ಗಂಟೆಗೆ 120. ಒಂದು ತೋಳಿಗೆ ಸಿಗುವುದು 30 ಸೆಕೆಂಡು. ಎಂಟು ಗಂಟೆಯಲ್ಲಿ 960 ತೋಳು. ಒಂದೊಂದಕ್ಕೂ ಎಡಗೈ ಚಾಚಿ ಬಂಡಲಿನಿಂದ ಎಳೆದುಕೊಳ್ಳಬೇಕು, ಎರಡೂ ಅಂಚು ಸರಿಯಾಗಿ ಕೂಡುವಂತೆ ಬೆರಳ ತುದಿಯಲ್ಲಿ ಚಿವುಟಿ ಹಿಡಿಯಬೇಕು, ಕಂಕುಳ ತಿರುವಿನಲ್ಲಿ ಮಣಿಕಟ್ಟು ಬಾಗಿಸಿ ಬಟ್ಟೆ ತಿರುಗಿಸಬೇಕು, ಮುಗಿದದ್ದನ್ನು ಬಲಕ್ಕೆ ಎತ್ತಿ ಹಾಕಬೇಕು. ಅಷ್ಟೂ ಹೊತ್ತು ಬಲಗಾಲು ಪೆಡಲ್ ಮೇಲೆ, ಕಣ್ಣು ಸೂಜಿಯ ಮೇಲೆ. ಒಂದು ತೋಳು ಕೂಡಿಸುವುದು ಕಷ್ಟದ ಕೆಲಸವೇ ಅಲ್ಲ. ಮಗು ಕೂಡ ಎತ್ತಬಹುದಾದಷ್ಟು ಹಗುರವಾದ ಬಟ್ಟೆ. ನಮ್ಮ ನೋವನ್ನು ಯಾರೂ ನಂಬದೇ ಇರುವುದಕ್ಕೆ ಮುಖ್ಯ ಕಾರಣ ಆ ಹಗುರವೇ ಎಂದು ನನಗೆ ಆಮೇಲೆ ಅನ್ನಿಸಿದೆ. ಭಾರ ಹೊತ್ತವನ ಬೆನ್ನು ನೋವು ಲೋಕಕ್ಕೆ ಅರ್ಥವಾಗುತ್ತದೆ. ತೆಳುವಾದ ಅಂಗಿಯ ತೋಳೊಂದನ್ನು ಎತ್ತಿಟ್ಟು ರಟ್ಟೆ ಬಿದ್ದುಹೋಯಿತು ಎಂದರೆ ಮನೆಯವರೂ ನಗುತ್ತಾರೆ.

ಆದರೆ ದೇಹಕ್ಕೆ ತೂಗುವುದು ಬಟ್ಟೆಯ ಭಾರವೊಂದೇ ಅಲ್ಲ. ನಮ್ಮ ತಲೆ ನಾಲ್ಕೈದು ಕಿಲೋ ತೂಗುತ್ತದೆ. ಅದು ಬೆನ್ನುಮೂಳೆಯ ನೇರಕ್ಕೆ ಕೂತಿದ್ದರೆ ಕತ್ತಿಗೆ ಕಷ್ಟವಿಲ್ಲ. ಸೂಜಿ ನೋಡಲು ಮುಂದಕ್ಕೆ ಬಗ್ಗಿದಾಗ ಅದನ್ನು ಹಿಂದಿನಿಂದ ಜಗ್ಗಿ ಹಿಡಿಯುವ ಕೆಲಸ ಕತ್ತು, ಹೆಗಲಿನ ಸ್ನಾಯುಗಳ ಮೇಲೆ ಬೀಳುತ್ತದೆ. ನಡೆಯುವಾಗ, ಅಗೆಯುವಾಗ ಸ್ನಾಯು ಬಿಗಿಯುತ್ತದೆ, ಸಡಿಲವಾಗುತ್ತದೆ. ಸಡಿಲವಾದಾಗ ಅದರೊಳಗೆ ರಕ್ತ ಹರಿಯುತ್ತದೆ. ಹೊಲಿಗೆಯಲ್ಲಿ ಬೆರಳು ಓಡುತ್ತಿರುತ್ತವೆ, ಭುಜ ಮಾತ್ರ ಗಂಟೆಗಟ್ಟಲೆ ಒಂದೇ ಕಡೆ ಬಿಗಿದು ನಿಂತಿರುತ್ತದೆ. ಸ್ವಲ್ಪವೇ ಬಿಗಿ, ಆದರೆ ಬಿಡುವಿಲ್ಲದ ಬಿಗಿ. ರಕ್ತ ಸರಿಯಾಗಿ ಹರಿಯದ ಸ್ನಾಯು ಸಂಜೆಯ ಹೊತ್ತಿಗೆ ಉರಿಯಲು ಶುರುಮಾಡುತ್ತದೆ. ಮೊದಲ ವರ್ಷ ರಾತ್ರಿ ಮಲಗಿದರೆ ಹೋಗುತ್ತದೆ. ಆಮೇಲೆ ಭಾನುವಾರ ಮಲಗಿದರೆ ಹೋಗುತ್ತದೆ. ಆಮೇಲೆ ಹೋಗುವುದೇ ಇಲ್ಲ.

ಊಟದ ಅರ್ಧ ಗಂಟೆಯಲ್ಲಿ ನಾವು ಆಡುತ್ತಿದ್ದ ಮಾತಿನಲ್ಲಿ ನೋವಿಗೂ ಒಂದು ಜಾಗ ಇದ್ದೇ ಇರುತ್ತಿತ್ತು, ಸಾರಿಗೆ ಉಪ್ಪು ಕಡಿಮೆಯಾದ ವಿಷಯ ಹೇಳಿದಷ್ಟೇ ಸಲೀಸಾಗಿ. ಕೆಲವು ತಿಂಗಳು ಕೇಳಿಸಿಕೊಂಡ ಮೇಲೆ, ಯಾವ ನೋವು ಎಂದು ಹೇಳಿದರೆ ಯಾವ ಸೆಕ್ಷನ್ ಎಂದು ನಾನು ಹೇಳಬಲ್ಲವಳಾದೆ. ಚೆಕ್ಕಿಂಗ್ ಟೇಬಲ್ಲಿನವರು ದಿನವಿಡೀ ನಿಂತೇ ಇರುತ್ತಾರೆ. ಅವರಿಗೆ ಹಿಮ್ಮಡಿ, ಮೀನಖಂಡ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಊರಿದರೆ ಮುಳ್ಳು ಚುಚ್ಚಿದಂತಾಗುತ್ತದೆ ಎನ್ನುತ್ತಿದ್ದರು. ಕೆಲವರ ಕಾಲಿನಲ್ಲಿ ರಕ್ತನಾಳಗಳು ಗಂಟುಗಂಟಾಗಿ ಎದ್ದಿದ್ದವು. ದಾರ ಕತ್ತರಿಸುವ ಟ್ರಿಮ್ಮಿಂಗ್ ಹುಡುಗಿಯರಿಗೆ ಹೆಬ್ಬೆರಳಿನ ಬುಡ. ಚಿಕ್ಕ ಕತ್ತರಿಯನ್ನು ದಿನಕ್ಕೆ ಸಾವಿರಾರು ಸಲ ಒತ್ತಿ ಒತ್ತಿ, ಮನೆಯಲ್ಲಿ ನೀರಿನ ಚೊಂಬು ಎತ್ತಿದರೂ ಆ ಬುಡ ಕಿತ್ತುಬರುವಂತಾಗುತ್ತಿತ್ತು. ಐರನಿಂಗ್‌ನಲ್ಲಿದ್ದವರಿಗೆ ಬಲಭುಜ ಮತ್ತು ಸೊಂಟ. ಟೈಲರುಗಳಾದ ನಮಗೆ ಕತ್ತು, ಹೆಗಲು, ನಡುಬೆನ್ನು, ಪೆಡಲ್ ಕಾಲಿನ ಮಂಡಿ. ಕುಳ್ಳಗಿದ್ದವರಿಗೆ ಟೇಬಲ್ ಎತ್ತರ, ಭುಜ ಮೇಲೆತ್ತಿಕೊಂಡೇ ಹೊಲಿಯಬೇಕು. ಉದ್ದಗಿದ್ದವರು ಬೆನ್ನು ಕಮಾನು ಮಾಡಿ ಕೂರಬೇಕು. ಟೇಬಲ್ಲಿನ ಎತ್ತರ ಒಂದೇ, ಸ್ಟೂಲಿನ ಎತ್ತರ ಒಂದೇ, ಹೆಂಗಸರು ಮಾತ್ರ ಬೇರೆ ಬೇರೆ ಅಳತೆಯವರು. ಸ್ಟೂಲಿಗೆ ಬೆನ್ನಾನಿಕೆ ಇರಲಿಲ್ಲ. ಹಳೆಯ ಸೀರೆ ತುಂಡನ್ನು ಮಡಚಿ ಕಟ್ಟಿ ಮೆತ್ತೆ ಮಾಡಿಕೊಳ್ಳುತ್ತಿದ್ದೆವು. ಆಡಿಟ್‌ನವರು ಬರುವ ದಿನ ಅದನ್ನೂ ತೆಗೆಸುತ್ತಿದ್ದರು, ಸಾಲು ಚೆನ್ನಾಗಿ ಕಾಣಬೇಕಲ್ಲ ಎಂದು.

ನನ್ನ ಪಕ್ಕದ ಮಷಿನ್ನಿನಲ್ಲಿ ಪೇಪರ್ ಟೌನ್ ಕಡೆಯ ಒಬ್ಬ ಅಕ್ಕ ಇದ್ದರು. 2015ರಲ್ಲಿ ಪೇಪರ್ ಮಿಲ್ಲಿನ ಉತ್ಪಾದನೆ ನಿಂತ ಮೇಲೆ ಗಾರ್ಮೆಂಟ್ಸ್ ಬಸ್ಸು ಹತ್ತಿದ ಹೆಂಗಸರಲ್ಲಿ ಅವರೂ ಒಬ್ಬರು. ಗಂಡನ ಸಂಬಳ ನಿಂತಾಗ ಮನೆಯ ಖರ್ಚು ಹೆಂಡತಿಯ ಭುಜಕ್ಕೆ ಬಂತು ಎನ್ನುವುದು ಅವರ ವಿಷಯದಲ್ಲಿ ಅಕ್ಷರಶಃ ನಿಜ. ನಲವತ್ತು ದಾಟಿದ ಮೇಲೆ ಮಷಿನ್ ಕಲಿತವರು, ಟಾರ್ಗೆಟ್ ಮುಟ್ಟಲು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಕುಡಿದರೆ ಟಾಯ್ಲೆಟ್ಟಿಗೆ ಏಳಬೇಕು, ಎದ್ದರೆ ಮುಂದಿನವರಿಗೆ ಪೀಸ್ ಹೋಗುವುದಿಲ್ಲ. "ಏಳ್ಬೇಕು ಅನ್ಸುತ್ತೆ ಪುಟ್ಟಿ, ಆದ್ರೆ ಎದ್ರೆ ಸೊಂಟ ಹಿಡ್ಕೊಂಡಿರೋದು ಗೊತ್ತಾಗುತ್ತೆ, ಕೂತೇ ಇದ್ರೆ ಗೊತ್ತಾಗಲ್ಲ," ಎನ್ನುತ್ತಿದ್ದರು. ನೋವು ಜಾಸ್ತಿಯಾದರೆ ಕೆಳಗೆ ನರ್ಸಮ್ಮನ ರೂಮಿಗೆ ಹೋಗಿ ಮಾತ್ರೆ ಕೇಳುವುದಿತ್ತು. ನರ್ಸಮ್ಮ ಒಳ್ಳೆಯವರೇ. ಆದರೆ ಅವರ ಪುಸ್ತಕದಲ್ಲಿ "ಮೈಕೈ ನೋವು" ಎಂದಷ್ಟೇ ಬರೆಯುತ್ತಿದ್ದರು. ಮಾತ್ರೆ ನುಂಗಿ ಮತ್ತೆ ಅದೇ ಸ್ಟೂಲಿನ ಮೇಲೆ ಕೂರುತ್ತಿದ್ದೆವು. ಹೊಟ್ಟೆಯಲ್ಲಿ ಉರಿ ಎದ್ದಾಗ ಅದಕ್ಕೊಂದು ಮಾತ್ರೆ.

ಮನೆಯಲ್ಲಿ ಅಮ್ಮ ಲಕ್ಕಿ ಸೊಪ್ಪು ಕುದಿಸಿ ಆ ನೀರು ಹೊಯ್ಯುತ್ತಿದ್ದಳು. ಮಲೆನಾಡಿನ ಎಲ್ಲ ತಾಯಂದಿರಿಗೂ ಗೊತ್ತಿರುವ ಮದ್ದು ಅದು, ಬಾಣಂತಿಗೂ ಅದೇ, ಗದ್ದೆಯಿಂದ ಬಂದವರಿಗೂ ಅದೇ. ಬಿಸಿನೀರು ಬಿದ್ದಷ್ಟು ಹೊತ್ತು ಸ್ವರ್ಗ. "ವಾಯು ಇರ್ಬೇಕು, ಆಲೂಗಡ್ಡೆ ಬಿಡು," ಎನ್ನುತ್ತಿದ್ದಳು. ಅಕ್ಕಪಕ್ಕದವರು ಮದುವೆಯಾದ ಮೇಲೆ ಸರಿಹೋಗುತ್ತದೆ ಎಂದರು. ಮದುವೆಯಾಗಿ ಮಗಳು ಹುಟ್ಟಿದ ಮೇಲೆ ಹೆರಿಗೆಯಾದವರಿಗೆ ಇದೆಲ್ಲ ಮಾಮೂಲು ಎಂದರು. ಸಿಸೇರಿಯನ್ ಇಂಜೆಕ್ಷನ್ನು ಬೆನ್ನಿಗೆ ಕೊಟ್ಟದ್ದರಿಂದ ಎಂದರು. ರಕ್ತ ಕಮ್ಮಿ ಎಂದರು. ಅವರ ಮಾತು ಪೂರ್ತಿ ಸುಳ್ಳು ಎಂದು ನಾನು ಹೇಳುವುದಿಲ್ಲ, ಇವೆಲ್ಲ ಮೈಯ ಮೇಲೆ ಬಂದು ಕೂಡುತ್ತವೆ. ಆದರೆ ನನ್ನ ನೋವಿಗೆ ಅವರು ಹುಡುಕಿದ ಕಾರಣಗಳೆಲ್ಲ ನನ್ನ ಮೈಯೊಳಗೇ ಇದ್ದವು. ಒಂದು ಕಾರಣವೂ ಮಷಿನ್ನಿನ ಕಡೆಗೆ ಬೆರಳು ತೋರಿಸಲಿಲ್ಲ. ಅಪ್ಪನ ಪಾದ ಸುಟ್ಟಾಗ ಅವರ ವಾಯು, ಪಿತ್ತದ ವಿಚಾರ ಯಾರೂ ಎತ್ತಿರಲಿಲ್ಲ.

ಆಮೇಲೆ ಬಲಗೈ ಜೋಮು ಹಿಡಿಯಲು ಶುರುವಾಯಿತು. ಹಗಲು ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ನಡುರಾತ್ರಿ ಬೆರಳುಗಳಲ್ಲಿ ಇರುವೆ ಹರಿದಂತಾಗಿ ಎಚ್ಚರವಾಗುತ್ತಿತ್ತು. ಎದ್ದು ಕೂತು ಕೈ ಕೊಡವಿದರೆ ಸ್ವಲ್ಪ ಹೊತ್ತಿಗೆ ಸರಿಹೋಗುತ್ತಿತ್ತು. ಮಗಳು ಪಕ್ಕದಲ್ಲಿ ಮಲಗಿರುತ್ತಿದ್ದಳು. ಅವಳನ್ನು ಎತ್ತಿಕೊಂಡಾಗ ಬೆರಳಿನ ಹಿಡಿತ ಸಡಿಲವಾಗಿಬಿಟ್ಟರೆ ಎಂಬ ಭಯ ನನಗೆ ಆಗ ಹಗಲೂರಾತ್ರಿ ಇತ್ತು. ಟಾರ್ಗೆಟ್ಟು, ಬೈಗುಳ, ಸಂಬಳ ಕಟ್ ಯಾವುದೂ ಹುಟ್ಟಿಸದ ಭಯ ಅದು.

2020ರ ಮಾರ್ಚ್ 25ರಿಂದ ದೇಶ ಬಾಗಿಲು ಹಾಕಿತು. ಫ್ಯಾಕ್ಟರಿಯೂ ಮುಚ್ಚಿತು. ಸಂಬಳದ ಚಿಂತೆ, ಕಾಯಿಲೆಯ ಚಿಂತೆ, ರೇಷನ್ ಚಿಂತೆ ಒಟ್ಟಿಗೇ ಬಂದ ದಿನಗಳು. ಮನೆಕೆಲಸ ಎರಡರಷ್ಟಾಗಿತ್ತು. ಎಲ್ಲರೂ ಮನೆಯಲ್ಲೇ, ಮೂರು ಹೊತ್ತೂ ಅಡುಗೆ, ರಾಶಿ ಬಟ್ಟೆ ಕಲ್ಲಿಗೆ ಒಗೆಯುವುದು, ನೀರು ಬಂದಾಗ ಕೊಡ ಹೊರುವುದು. ಅಂಥದರಲ್ಲಿ ಒಂದು ಬೆಳಿಗ್ಗೆ ನನಗೆ ಹೊಳೆಯಿತು: ರಾತ್ರಿ ನನಗೆ ಎಚ್ಚರವೇ ಆಗಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಏಪ್ರಿಲ್ ಮುಗಿಯುವ ಹೊತ್ತಿಗೆ ಕತ್ತು ಎರಡೂ ಕಡೆ ಹಗುರವಾಗಿ ತಿರುಗುತ್ತಿತ್ತು. ಪಕ್ಕದ ಮಷಿನ್ನಿನ ಅಕ್ಕನಿಗೆ ಫೋನು ಮಾಡಿದೆ. "ಹೌದು ಪುಟ್ಟಿ, ನಂಗೂ ಸೊಂಟ ನೆನಪೇ ಆಗಿಲ್ಲ ನೋಡು," ಎಂದರು. ಇನ್ನೂ ನಾಲ್ಕೈದು ಜನರನ್ನು ಕೇಳಿದೆ. ಎಲ್ಲರದೂ ಅದೇ ಮಾತು. ಕಲ್ಲಿಗೆ ಬಟ್ಟೆ ಬಡಿದರೂ ಬಾರದ ಜೋಮು, ಕೊಡ ಹೊತ್ತರೂ ಬಾರದ ಹೆಗಲು ನೋವು. ಮೇ ತಿಂಗಳಲ್ಲಿ ಕೆಲಸ ಮತ್ತೆ ಶುರುವಾಯಿತು. ಜನ ಕಡಿಮೆ ಇದ್ದರು, ಇದ್ದವರೇ ಬಾಕಿ ಆರ್ಡರ್ ಮುಗಿಸಬೇಕಿತ್ತು. ಜೂನ್ ಹೊತ್ತಿಗೆ ನಡುರಾತ್ರಿಯ ಇರುವೆಗಳು ವಾಪಸು ಬಂದವು.

ಯಾವ ಡಾಕ್ಟರೂ ನನ್ನ ಮೇಲೆ ಮಾಡಲು ಸಾಧ್ಯವಿಲ್ಲದ ಪರೀಕ್ಷೆಯನ್ನು ಆ ಲಾಕ್‌ಡೌನ್ ಮಾಡಿತ್ತು. ಮಷಿನ್ ತೆಗೆದುಬಿಟ್ಟು ನೋಡು, ಮತ್ತೆ ಇಟ್ಟು ನೋಡು. ಅಲ್ಲಿಂದ ಮುಂದೆ ಯಾರು ವಾಯು ಎಂದರೂ ನಾನು ಒಪ್ಪಲಿಲ್ಲ.

ಮರುವರ್ಷ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋದೆ. ಚೀಟಿ ಮಾಡಿಸಿ, ಸಾಲಿನಲ್ಲಿ ಕೂತೆ. ಕೊನೆಗೆ ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿದ್ದ ಹುಡುಗಿಗೆ ನನಗಿಂತ ಚಿಕ್ಕ ವಯಸ್ಸು. ಅವಳು ನೋವು ಎಲ್ಲಿ ಎಂದು ಕೇಳುವ ಮೊದಲು, "ಏನ್ ಕೆಲಸ ಮಾಡ್ತೀರಕ್ಕಾ?" ಎಂದು ಕೇಳಿದಳು. ಹೇಳಿದೆ. "ಹೇಗೆ ಮಾಡ್ತೀರಿ, ಒಂದ್ಸಲ ಕೂತು ತೋರ್ಸಿ," ಎಂದಳು. ಮಷಿನ್ ಇಲ್ಲದ ಖಾಲಿ ಟೇಬಲ್ಲಿನ ಮುಂದೆ ನಾನು ತೋಳು ಕೂಡಿಸಿ ತೋರಿಸಿದೆ. ಎಳೆದುಕೊಂಡೆ, ಚಿವುಟಿದೆ, ತಿರುಗಿಸಿದೆ, ಎತ್ತಿ ಹಾಕಿದೆ. ಅವಳು ಸುಮ್ಮನೆ ನೋಡುತ್ತ ನಿಂತಳು. ಆಮೇಲೆ ಎರಡೂ ಮುಂಗೈಗಳ ಹಿಂಬದಿ ಸೇರಿಸಿ, ಮಣಿಕಟ್ಟು ಕೆಳಕ್ಕೆ ಬಾಗಿಸಿ ಒಂದು ನಿಮಿಷ ಹಿಡಿಯಲು ಹೇಳಿದಳು. ನಿಮಿಷ ತುಂಬುವ ಮೊದಲೇ ಬೆರಳುಗಳಲ್ಲಿ ಜೋಮು ಹತ್ತಿತು. "ಕಿರುಬೆರಳಿಗೆ ಬರ್ತಿಲ್ಲ ಅಲ್ವಾ?" ಎಂದಳು. ನಿಜ, ಬರುತ್ತಿರಲಿಲ್ಲ, ಅಷ್ಟು ವರ್ಷ ನಾನೇ ಗಮನಿಸಿರಲಿಲ್ಲ. ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ಕಾಲುವೆ ಇದೆ ಎಂದು ಚಿತ್ರ ಬರೆದು ತೋರಿಸಿದಳು. ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳು, ಅವುಗಳ ಜೊತೆ ಒಂದು ನರ, ಎಲ್ಲವೂ ಅದೇ ದಾರಿಯಲ್ಲಿ ಹಾದುಹೋಗಬೇಕು. ದಿನಕ್ಕೆ ಸಾವಿರ ಸಲ ಮಣಿಕಟ್ಟು ಬಾಗಿಸಿ ಚಿವುಟಿದರೆ ರಜ್ಜುಗಳ ಸುತ್ತ ಬಾವು ಬರುತ್ತದೆ, ಜಾಗ ಸಾಲದೆ ನರ ನಲುಗುತ್ತದೆ. ಆ ನರ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧಕ್ಕೆ ಹೋಗುತ್ತದೆ. ಕಿರುಬೆರಳಿನದು ಬೇರೆ ದಾರಿ. ಕಾರ್ಪಲ್ ಟನಲ್ ಎಂದು ಹೆಸರು. ಚೀಟಿಯ ಮೇಲೆ ಅವಳು ಕಾಯಿಲೆಯ ಹೆಸರಿನ ಪಕ್ಕದಲ್ಲೇ "ಗಾರ್ಮೆಂಟ್ಸ್ ಟೈಲರ್" ಎಂದೂ ಬರೆದಳು. ನನ್ನ ಕೆಲಸ ಮತ್ತು ನನ್ನ ನೋವು ಒಂದೇ ಸಾಲಿನಲ್ಲಿ ಬರಹದಲ್ಲಿ ಕಾಣಿಸಿದ್ದು ಅದೇ ಮೊದಲು.

ಬರ್ನಾರ್ಡಿನೊ ರಮಾಜಿನಿ ಎಂಬ ಇಟಲಿಯ ವೈದ್ಯ 1700ರಲ್ಲೇ ಕಸುಬುದಾರರ ಕಾಯಿಲೆಗಳ ಬಗ್ಗೆ ಒಂದು ಪುಸ್ತಕ ಬರೆದಿದ್ದ ಎಂದು ಆಮೇಲೆ ತಿಳಿದೆ. ರೋಗಿಯ ಹತ್ತಿರ ಕೇಳಬೇಕಾದ ಪ್ರಶ್ನೆಗಳ ಜೊತೆಗೆ, ನೀನು ಏನು ಕೆಲಸ ಮಾಡುತ್ತೀ ಎಂಬುದನ್ನೂ ಕೇಳಿ ಎಂದು ವೈದ್ಯರಿಗೆ ಹೇಳಿದವನು ಅವನು. ಬಗ್ಗಿ ಕೂತು ಹೊಲಿಯುವ ದರ್ಜಿಗಳ ಕಾಲು ಜೋಮು, ಸೊಂಟದಿಂದ ಕಾಲಿಗೆ ಇಳಿಯುವ ನೋವು ಆ ಪುಸ್ತಕದಲ್ಲಿ ಇವೆ. ಕರೆಂಟ್ ಮಷಿನ್ ಇರಲಿ, ಹೊಲಿಗೆ ಯಂತ್ರವೇ ಹುಟ್ಟದ ಕಾಲ. ಮುನ್ನೂರು ವರ್ಷದ ಹಿಂದೆ ಬರೆದಿಟ್ಟ ಪ್ರಶ್ನೆ ನನ್ನ ತನಕ ಬರಲು ಅಷ್ಟು ಕಾಲ ಬೇಕಾಯಿತಲ್ಲ ಎಂದು ಸಂಕಟವಾಯಿತು. ಆ ಹುಡುಗಿಯ ಮೇಲೆ ಪ್ರೀತಿ ಉಕ್ಕಿತು.

ಚೀಟಿ ಹಿಡಿದುಕೊಂಡು ನಾನು ಎಚ್‌ಆರ್ ರೂಮಿಗೆ ಹೋದೆ. ಬೇರೆ ಕೆಲಸಕ್ಕೆ ಹಾಕಿ ಎಂದು ಕೇಳಿದೆ. ಹೆಲ್ಪರ್ ಆಗಿ ಹಾಕಬಹುದು, ಸಂಬಳ ಇಳಿಯುತ್ತದೆ ಎಂದರು. ಇದನ್ನು ಕೆಲಸದ ಗಾಯ ಎಂದು ಬರೆಯಿರಿ ಎಂದೆ. "ಗಾಯ ಎಲ್ಲಿದೆ ಅಮ್ಮಾ?" ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಕುಹಕ ಇರಲಿಲ್ಲ. ಅವರ ಫಾರಮ್ಮಿನಲ್ಲಿ ತಾರೀಕು, ಗಂಟೆ, ಮಷಿನ್ ನಂಬರು ಬರೆಯಲು ಜಾಗ ಇತ್ತು. ನನ್ನ ಗಾಯಕ್ಕೆ ತಾರೀಕೂ ಇಲ್ಲ, ಗಂಟೆಯೂ ಇಲ್ಲ. ಸಾವಿರಾರು ದಿನ ಸೇರಿ ಆದ ಗಾಯವನ್ನು ಯಾವ ದಿನದ ಕೆಳಗೆ ಬರೆಯುವುದು?

ಬುಕ್ಕಿಗೆ ಏರದೆ ಹೋದದ್ದರ ಬೆಲೆ ಎಷ್ಟು ಎಂದು ಅಪ್ಪನ ಕಾಗದಗಳ ನೆನಪಿನಿಂದ ನನಗೆ ಗೊತ್ತಾಯಿತು. ಇಎಸ್‌ಐ ಲೆಕ್ಕದಲ್ಲಿ ಕೆಲಸದಲ್ಲಿ ಆದ ಗಾಯವಾದರೆ, ಗುಣವಾಗುವ ತನಕ ಕೂಲಿಯ ಶೇ. 90 ಸಿಗುತ್ತದೆ. ಸಾಮಾನ್ಯ ಕಾಯಿಲೆ ಎಂದಾದರೆ ಶೇ. 70, ಅದೂ ವರ್ಷಕ್ಕೆ 91 ದಿನದ ಮಿತಿ. ಅಪ್ಪನದು ಮೊದಲನೆಯದು. ನನ್ನದು ಎರಡನೆಯದು, ಅದನ್ನೂ ಕೇಳಿ ಪಡೆಯುವವರು ನಮ್ಮ ಲೈನಿನಲ್ಲಿ ಯಾರೂ ಇರಲಿಲ್ಲ. ಎರಡು ದಿನ ರಜೆ ಹಾಕಿ ಮತ್ತೆ ಬರುತ್ತಿದ್ದರು. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ, ವೈದ್ಯರು ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕಾದ 29 ಕಾಯಿಲೆಗಳ ಪಟ್ಟಿ ಇತ್ತು. ಸೀಸದ ವಿಷ, ಸಿಲಿಕೋಸಿಸ್, ಸದ್ದಿನಿಂದ ಬರುವ ಕಿವುಡು ಅದರಲ್ಲಿದ್ದವು. ಹತ್ತಿಯ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯೂ ಇತ್ತು. ಹತ್ತಿ ನೂಲಾಗುವಾಗ ಆಗುವ ಕಾಯಿಲೆಗೆ ಅಲ್ಲಿ ಜಾಗ ಸಿಕ್ಕಿತ್ತು, ಬಟ್ಟೆ ಅಂಗಿಯಾಗುವಾಗ ಹೋಗುವ ಕತ್ತು, ಮಣಿಕಟ್ಟಿಗೆ ಸಿಕ್ಕಿರಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2010ರಲ್ಲಿ ಪರಿಷ್ಕರಿಸಿದ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿ ಸ್ನಾಯು, ಮೂಳೆ, ಕೀಲುಗಳದ್ದೇ ಒಂದು ವಿಭಾಗ ಇದೆ. ಕಾರ್ಪಲ್ ಟನಲ್ ಅಲ್ಲಿ ಹೆಸರು ಹಿಡಿದೇ ಬಂದಿದೆ. ಲೋಕ ಒಪ್ಪಿಕೊಂಡದ್ದನ್ನು ನಮ್ಮ ಫಾರಮ್ಮು ಇನ್ನೂ ಕೇಳಿಲ್ಲ.

ಹಾಗಾಗಿ ಗಾರ್ಮೆಂಟ್ಸ್ ಹೆಂಗಸರು ತಮ್ಮ ಪರಿಹಾರವನ್ನು ತಾವೇ ಕೊಟ್ಟುಕೊಳ್ಳುತ್ತಾರೆ. ಕೆಲಸ ಬಿಟ್ಟು ಪಿಎಫ್ ತೆಗೆಯುತ್ತಾರೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆ, ಪೀಣ್ಯ ಕಡೆ ಬೀದಿಗಿಳಿದದ್ದನ್ನು ನಾವು ಟಿವಿಯಲ್ಲಿ ನೋಡಿದ್ದೆವು. ಪಿಎಫ್‌ನ ಮಾಲೀಕರ ಪಾಲನ್ನು 58 ವರ್ಷದ ತನಕ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮದ ವಿರುದ್ಧ ಎದ್ದ ಸಿಟ್ಟು ಅದು. ಎರಡೇ ದಿನದಲ್ಲಿ ಸರ್ಕಾರ ನಿಯಮವನ್ನು ವಾಪಸು ತೆಗೆದುಕೊಂಡಿತು. ಇಷ್ಟು ಚಿಕ್ಕ ಮೊತ್ತಕ್ಕೆ ಇಷ್ಟು ರೋಷವೇ ಎಂದು ನಮ್ಮ ಬೀದಿಯಲ್ಲಿ ಕೆಲವರು ಆಶ್ಚರ್ಯಪಟ್ಟರು. ನಮಗೆ ಆಶ್ಚರ್ಯವಾಗಲಿಲ್ಲ. 58ರ ತನಕ ಹೊಲಿಯಬಲ್ಲ ಭುಜ ಯಾರಿಗಿದೆ? ನಮ್ಮ ಲೈನಿನಲ್ಲಿ 45 ದಾಟಿದ ಟೈಲರನ್ನು ನಾನು ಕಂಡದ್ದೇ ಕಡಿಮೆ. ಭುಜ ಸೋತ ಮೇಲೆ ಕೈಗೆ ಸಿಗುವ ಒಂದೇ ಗಂಟು ಅದು. ನಮ್ಮದೇ ಸಂಬಳದ ಲೆಕ್ಕದಿಂದ ಕೂಡಿದ ಹಣದಲ್ಲಿ ನಮ್ಮದೇ ಭುಜದ ನಷ್ಟ ತುಂಬಿಕೊಳ್ಳುವುದು.

ಇದು ಹೀಗೇ ಇರಬೇಕು ಎಂದೇನೂ ಇಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ವಲಸೆ ಬಂದ ಹೆಂಗಸರು ದುಡಿಯುವ ಹೊಲಿಗೆ ಘಟಕಗಳಿವೆ. ಅಲ್ಲಿ ಕೆಲವರಿಗೆ ಎತ್ತರ ಹೊಂದಿಸಬಹುದಾದ ಹೊಸ ಕುರ್ಚಿಗಳನ್ನು ಕೊಟ್ಟು, ಇನ್ನು ಕೆಲವರಿಗೆ ಕೊಡದೆ, ನಾಲ್ಕು ತಿಂಗಳು ಹೋಲಿಸಿ ನೋಡಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಗಿದೆ. ಮುಂಬದಿ ಬಾಗಿದ ಆಸನದ ಕುರ್ಚಿಯಲ್ಲಿ ಕೂತವರ ಕತ್ತು, ಭುಜದ ನೋವು ಕಡಿಮೆಯಾಯಿತು. ಒಂದು ಕುರ್ಚಿ! ನಾವು ಹೊಲಿಯುತ್ತಿದ್ದ ಅಂಗಿಗಳ ಮೇಲಿನ ಬೆಲೆ ಚೀಟಿಯಲ್ಲಿ ಡಾಲರ್ ಅಚ್ಚಾಗಿರುತ್ತಿತ್ತು. ಅಂಥ ಅಂಗಿಗಳ ಎಷ್ಟು ಸಣ್ಣ ಕಟ್ಟಿಗೆ ಒಂದು ಒಳ್ಳೆಯ ಕುರ್ಚಿ ಬರುತ್ತದೆ ಎಂದು ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಬೆನ್ನಿಗೆ ಆನಿಕೆ, ಎತ್ತರ ಹೊಂದಿಸುವ ಟೇಬಲ್, ನಿಂತವರಿಗೆ ಕಾಲಡಿ ಮೆತ್ತನೆಯ ಚಾಪೆ, ಗಂಟೆಗೊಮ್ಮೆ ಎರಡು ನಿಮಿಷ ಎದ್ದು ಭುಜ ತಿರುಗಿಸಲು ಬಿಡುವು, ಒಂದೇ ಆಪರೇಷನ್‌ಗೆ ವರ್ಷಗಟ್ಟಲೆ ಕಟ್ಟಿಹಾಕದೆ ಕೆಲಸ ಬದಲಿಸುವುದು. ಇದರಲ್ಲಿ ಯಾವುದಕ್ಕೂ ಹೊಸ ವಿಜ್ಞಾನ ಬೇಕಿಲ್ಲ. ಗಂಟೆಗೆ ಎರಡು ನಿಮಿಷ ಬಿಟ್ಟರೆ ಪೀಸ್ ಕಮ್ಮಿಯಾಗುತ್ತದೆ ಎನ್ನುವವರು, ಕಲಿತ ಟೈಲರ್ ಬಿಟ್ಟುಹೋದ ಮೇಲೆ ಹೊಸಬಳಿಗೆ ಕಾಗದದ ಮೇಲೆ ಗೆರೆ ಹೊಲಿಸುವ ದಿನಗಳ ಲೆಕ್ಕವನ್ನು ಯಾಕೆ ಹಾಕುವುದಿಲ್ಲವೋ!

ನಾನು ಕೆಲಸ ಬಿಟ್ಟೆ. ರಾತ್ರಿ ಕಟ್ಟಿಕೊಳ್ಳಲು ಒಂದು ಪಟ್ಟಿ, ಮಾಡಲು ಕೆಲವು ವ್ಯಾಯಾಮ, ಪಿಎಫ್ ಹಣದಲ್ಲಿ ಒಂದು ಹೊಲಿಗೆ ಮಷಿನ್. ಈಗ ಭದ್ರಾವತಿಯ ಮನೆಯಲ್ಲೇ ರವಿಕೆ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್ ಹಚ್ಚುತ್ತೇನೆ. ಬೇಕಾದಾಗ ಎದ್ದು ಓಡಾಡುತ್ತೇನೆ. ಕೈ ಜೋಮು ಅಪರೂಪವಾಗಿದೆ, ಭುಜ ಮಾತ್ರ ಪೂರ್ತಿ ವಾಪಸು ಬರಲಿಲ್ಲ. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ಸುದ್ದಿ ಬಂದು ಕಾರ್ಮಿಕರು ಧರಣಿ ಕೂತಾಗ, ಅಪ್ಪ ದಿನಾ ಹೋಗಿ ಅವರ ಜೊತೆ ಕೂತು ಬರುತ್ತಿದ್ದರು. ಒಂದು ಸಂಜೆ ಬಂದವರು ನನ್ನ ಮಷಿನ್ ಪಕ್ಕದ ಚಾಪೆಯ ಮೇಲೆ ಕೂತು, "ನಮ್ಮ ಕಾಲ್ದಲ್ಲಿ ಯೂನಿಯನ್ನೋರು ಬಂದು ಬುಕ್ಕಲ್ಲಿ ಬರ್ಸೋರು. ನಿಮಗ್ಯಾರೂ ಬರ್ಲಿಲ್ವೇನಮ್ಮಾ?" ಎಂದು ಕೇಳಿದರು. ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಹೆಂಗಸರದೇ ಸಂಘಗಳಿವೆ, ನಮ್ಮ ಲೈನಿನ ತನಕ ಯಾರೂ ಬಂದಿರಲಿಲ್ಲ ಎಂದೆ. ಅವರು ಬಹಳ ಹೊತ್ತು ನನ್ನ ಭುಜ ನೀವುತ್ತ ಕೂತರು.

ನಮ್ಮ ಬೀದಿಯ ಒಂದು ಹುಡುಗಿ ಈಗ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಾಳೆ. ಬೇರೆ ಘಟಕ, ಕಾಲರ್ ಸೆಕ್ಷನ್. ಸೇರಿದ ವಾರವೇ ಅವಳನ್ನು ಕೂರಿಸಿಕೊಂಡು ಹೇಳಬೇಕಾದದ್ದೆಲ್ಲ ಹೇಳಿದೆ. ಸ್ಟೂಲನ್ನು ಮಷಿನ್ನಿಗೆ ಹತ್ತಿರ ಎಳೆದುಕೋ, ಬಂಡಲನ್ನು ಕೈ ಚಾಚದೆ ಸಿಗುವ ಕಡೆ ಇಡಿಸಿಕೋ, ನೀರು ಕುಡಿ, ಟಾಯ್ಲೆಟ್ಟಿಗೆ ಏಳು, ಆಸ್ಪತ್ರೆಗೆ ಹೋದರೆ ನೋವಿಗಿಂತ ಮೊದಲು ಕೆಲಸ ಹೇಳು, ಅದನ್ನು ಚೀಟಿಯಲ್ಲಿ ಬರೆಸಿಕೋ, ಚೀಟಿ ಬಿಸಾಡಬೇಡ. ನರ್ಸಿನ ಪುಸ್ತಕದಲ್ಲಿ ಮೈಕೈ ನೋವು ಎಂದು ಬರೆಯಲು ಬಿಡಬೇಡ, ಯಾವ ಕೈ, ಯಾವ ಬೆರಳು, ಯಾವ ಆಪರೇಷನ್, ಎಷ್ಟು ತಿಂಗಳಿಂದ ಎಂದು ಬರೆಸು. ಕಳೆದ ಯುಗಾದಿಗೆ ಬಂದಾಗ ಅವಳೇ ಒಂದು ಹೊಸ ಸುದ್ದಿ ತಂದಳು. ಅವಳೂ ಅಕ್ಕಪಕ್ಕದ ಇನ್ನಿಬ್ಬರೂ ಸೇರಿ ಸೂಪರ್‌ವೈಸರನ್ನು ಒಪ್ಪಿಸಿ ಕೆಲಸ ಅದಲುಬದಲು ಮಾಡಿಕೊಳ್ಳುತ್ತಿದ್ದಾರಂತೆ. ಬೆಳಿಗ್ಗೆ ಕಾಲರ್ ಕೂಡಿಸುವವಳು ಊಟದ ನಂತರ ಲೇಬಲ್ ಹಚ್ಚುತ್ತಾಳೆ, ಟೀ ಆದ ಮೇಲೆ ಇನ್ನೊಬ್ಬಳು. ಮೊದಲ ವಾರ ಪ್ರೊಡಕ್ಷನ್ ಇಳಿದು ಬೈಸಿಕೊಂಡರು, ಮೂರನೇ ವಾರಕ್ಕೆ ಸಂಖ್ಯೆ ಮೊದಲಿನ ಮಟ್ಟಕ್ಕೇ ಬಂತು. ಪಕ್ಕದ ಲೈನಿನವರೂ ಕೇಳುತ್ತಿದ್ದಾರಂತೆ. ಸೂಪರ್‌ವೈಸರ್ ಬದಲಾದರೆ ಏನು ಮಾಡುವುದು ಎಂಬುದು ಅವಳ ಈಗಿನ ಚಿಂತೆ. ಕಾಗದದ ಮೇಲೆ ಬರೆದು ಎಲ್ಲರ ಸಹಿ ಹಾಕಿಸಿ ಎಚ್‌ಆರ್‌ಗೆ ಕೊಡಿ, ಒಂದು ಪ್ರತಿಗೆ ಸೀಲು ಹಾಕಿಸಿ ಇಟ್ಟುಕೊಳ್ಳಿ ಎಂದು ಹೇಳಿ ಕಳಿಸಿದ್ದೇನೆ.